ಶುಗರ್ ಇದ್ದು ಮುಟ್ಟು ನಿಂತವರು ಮೂಳೆ ಉಳಿಸಿಕೊಳ್ಳುವುದು ಹೇಗೆ

ಮುಟ್ಟು ನಿಂತ ಮೇಲೆ ಮೂಳೆ ತೆಳುವಾಗುತ್ತದೆ ಅನ್ನುವುದು ಈಗ ಹೆಚ್ಚುಕಮ್ಮಿ ಎಲ್ಲರಿಗೂ ಗೊತ್ತು. ಶುಗರ್ ಬಂದರೆ ಕಣ್ಣು, ಕಿಡ್ನಿ, ಪಾದ ನೋಡಿಕೊಳ್ಳಬೇಕು ಅನ್ನುವುದೂ ಗೊತ್ತು. ಆದರೆ ಶುಗರ್ ಮೂಳೆಯನ್ನೂ ಕೆಡಿಸುತ್ತದೆ ಅಂದರೆ ನಮ್ಮ ಚಿಂತಾಮಣಿ ಕಡೆ ಹೆಂಗಸರು ನಂಬುವುದಿಲ್ಲ. "ಅದೆಂಗೆ ಸಿಸ್ಟರ್, ಸಕ್ಕರೆ ಕಾಯಿಲೆಗೂ ಮೂಳೆಗೂ ಏನ್ ಸಂಬಂಧ?" ಅಂತ ಕೇಳುತ್ತಾರೆ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ಬಹಳ ಕಾಲ ಮೂಳೆ ವಾರ್ಡು, ಆಮೇಲೆ ಬಿಪಿ-ಶುಗರ್ ಕ್ಲಿನಿಕ್ಕು. ಈಗ ನಿವೃತ್ತಿ. ನನಗೂ ಶುಗರ್ ಇದೆ. ಮೂಳೆ ವಾರ್ಡಿನಲ್ಲಿ ಸೊಂಟ ಮುರಿದುಕೊಂಡು ಮಲಗಿದ ಅಮ್ಮಂದಿರ ಕೇಸ್ ಶೀಟು ತೆಗೆದರೆ ಮತ್ತೆ ಮತ್ತೆ ಕಾಣುತ್ತಿದ್ದದ್ದು ಶುಗರ್. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು ನಿಮ್ಮ ಡಾಕ್ಟರ ಕೆಲಸ. ಅವರ ಹತ್ತಿರ ಏನು ಕೇಳಬೇಕು, ಮನೆಯಲ್ಲಿ ಏನು ಮಾಡಬೇಕು ಅನ್ನುವುದು ನಮ್ಮ ಕೆಲಸ.

ರಿಪೋರ್ಟು ನಾರ್ಮಲ್ ಅಂದರೂ ನಂಬಿ ಕೂರಬೇಡಿ

ಮೂಳೆ ಎಷ್ಟು ಗಟ್ಟಿ ಅಂತ ನೋಡಲು ಡೆಕ್ಸಾ ಸ್ಕ್ಯಾನ್ ಮಾಡುತ್ತಾರೆ. ಅದರಲ್ಲಿ ಟಿ-ಸ್ಕೋರ್ ಅಂತ ಒಂದು ಅಂಕಿ ಬರುತ್ತದೆ. ಮೈನಸ್ 1ರ ತನಕ ನಾರ್ಮಲ್. ಮೈನಸ್ 1ರಿಂದ ಮೈನಸ್ 2.5ರ ಮಧ್ಯೆ ಇದ್ದರೆ ಸವೆತ ಶುರುವಾಗಿದೆ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಒಳಗಿಂದ ಟೊಳ್ಳಾಗಿದೆ. ಮಂಡಿ ಸವೆತ ಬೇರೆ, ಇದು ಬೇರೆ. ಮಂಡಿ ಸವೆದರೆ ನೋವು ಬರುತ್ತದೆ. ಮೂಳೆ ಟೊಳ್ಳಾದರೆ ಮುರಿಯುವ ತನಕ ಏನೂ ಗೊತ್ತಾಗುವುದಿಲ್ಲ.

ಟೈಪ್ 2 ಶುಗರ್ ಇರುವವರಲ್ಲಿ ಈ ಅಂಕಿ ಎಷ್ಟೋ ಸಲ ಚೆನ್ನಾಗೇ ಬರುತ್ತದೆ. ಶುಗರ್ ಇಲ್ಲದವರಿಗಿಂತ ಒಂದು ಕೈ ಜಾಸ್ತಿಯೇ ಬರುವುದುಂಟು. ಆದರೂ ಮುರಿಯುವುದು ಇವರದೇ ಜಾಸ್ತಿ, ಅದರಲ್ಲೂ ಸೊಂಟ. ಯಾಕೆಂದರೆ ಸ್ಕ್ಯಾನು ಮೂಳೆಯಲ್ಲಿ ಸುಣ್ಣದಂಶ ಎಷ್ಟಿದೆ ಅಂತ ಮಾತ್ರ ಅಳೆಯುತ್ತದೆ. ಮೂಳೆಗೆ ಬಾಗುವ ಗುಣ ಕೊಡುವುದು ಕೊಲಾಜನ್ ಅನ್ನುವ ಪ್ರೋಟೀನು. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಅದು ಈ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಪೆಡಸು ಮಾಡುತ್ತದೆ. ಹಳೇ ಮೂಳೆ ಕರಗಿ ಹೊಸದು ಕಟ್ಟುವ ಕೆಲಸವೂ ನಿಧಾನವಾಗುತ್ತದೆ. ಬಿಸಿಲಲ್ಲಿ ಬಿಟ್ಟ ಪ್ಲಾಸ್ಟಿಕ್ ಬಿಂದಿಗೆ ನೋಡಿ, ಗಾತ್ರ ಅಷ್ಟೇ, ತೂಕ ಅಷ್ಟೇ, ಆದರೆ ಒಂದು ಏಟಿಗೆ ಬಿರಿಯುತ್ತದೆ.

ನಮ್ಮ ಕಡೆಗೆ ಇನ್ನೊಂದು ತೊಂದರೆ ಸೇರಿಕೊಂಡಿದೆ. ಬೋರ್‌ವೆಲ್ ನೀರಿನ ಫ್ಲೋರೈಡು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಕಡೆ ಆಳದ ಬೋರ್‌ವೆಲ್ ನೀರು ಕುಡಿದು ಬೆಳೆದವರು ನಾವು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡು ವರ್ಷಾನುಗಟ್ಟಲೆ ಹೊಟ್ಟೆಗೆ ಹೋದರೆ ಮೂಳೆಯಲ್ಲಿ ಕೂರುತ್ತದೆ. ಆ ಮೂಳೆ ಎಕ್ಸ್‌ರೇಯಲ್ಲಿ ಬೆಳ್ಳಗೆ ದಪ್ಪಗೆ ಕಾಣುತ್ತದೆ. ಸ್ಕ್ಯಾನಿನ ಅಂಕಿಯೂ ಏರುತ್ತದೆ. ಗಟ್ಟಿತನ ಮಾತ್ರ ಅಷ್ಟಿರುವುದಿಲ್ಲ. ಶುಗರ್ ಒಂದು ಕಡೆಯಿಂದ, ಫ್ಲೋರೈಡು ಒಂದು ಕಡೆಯಿಂದ, ಎರಡೂ ಸೇರಿ ರಿಪೋರ್ಟನ್ನು ಚೆಂದ ಮಾಡಿಬಿಡುತ್ತವೆ.

ನನ್ನ ಅತ್ತಿಗೆ ಗೌರಿಬಿದನೂರಿನ ಕಡೆಯವರು. ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಟಿ-ಸ್ಕೋರ್ ಮೈನಸ್ 0.8 ಬಂತು. ಅದೇ ವರ್ಷ ಕೊಟ್ಟಿಗೆಯಲ್ಲಿ ಗಂಜಲದ ಮೇಲೆ ಕಾಲು ಜಾರಿ ಕೈ ಊರಿದರು, ಮಣಿಕಟ್ಟು ಮುರಿಯಿತು. ಆಗ ಬೆನ್ನಿನದೂ ಎಕ್ಸ್‌ರೇ ತೆಗೆಸಿ ಅಂತ ನಾನು ಹಟ ಹಿಡಿದೆ. ಬೆನ್ನುಮೂಳೆಯ ಎರಡು ಮಣಿ ಮೊದಲೇ ಕುಸಿದಿದ್ದವು. ಹಾಲು ಕರೆದು ಕರೆದು ಬೆನ್ನು ನೋವು ಅಂದುಕೊಂಡಿದ್ದರು ಅಷ್ಟೇ. ಮೊದಲೆಲ್ಲ ಪಾದದ ಮೇಲೆ ಸರಿಯಾಗಿ ಬೀಳುತ್ತಿದ್ದ ಸೀರೆ ನೆಲ ಗುಡಿಸುತ್ತದೆ ಅಂತ ನೆರಿಗೆ ಮೇಲಕ್ಕೆತ್ತಿ ಸಿಕ್ಕಿಸಿಕೊಳ್ಳುತ್ತಿದ್ದರು. ಗಿಡ್ಡವಾಗುತ್ತಿರುವುದು ತಾವು ಅಂತ ಅವರಿಗಾಗಲಿ ಮನೆಯವರಿಗಾಗಲಿ ಹೊಳೆದಿರಲಿಲ್ಲ.

ಮೊದಲು ಎತ್ತರ ಅಳೆಯಿರಿ

ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿ. ತಲೆ ಮೇಲೆ ಒಂದು ಗಟ್ಟಿ ಪುಸ್ತಕ ಅಡ್ಡ ಇಟ್ಟು ಮಕ್ಕಳ ಕೈಲಿ ಗೋಡೆಗೆ ಗೆರೆ ಹಾಕಿಸಿ, ತಾರೀಕು ಬರೆಸಿ. ಟೇಪಿನಲ್ಲಿ ಅಳೆಯಿರಿ. ಹರೆಯದಲ್ಲಿದ್ದಾಗಿನ ಎತ್ತರಕ್ಕಿಂತ ಒಂದೂವರೆ ಇಂಚು, ಅಂದರೆ 4 ಸೆಂಟಿಮೀಟರಷ್ಟು ಕಮ್ಮಿಯಾಗಿದ್ದರೆ ಬೆನ್ನಿನ ಮಣಿ ಕುಸಿದಿರಬಹುದು. ಹಳೇ ಎತ್ತರ ಗೊತ್ತಿಲ್ಲದಿದ್ದರೆ ಇವತ್ತಿನ ಗೆರೆಯೇ ಲೆಕ್ಕ. ಆರು ತಿಂಗಳಿಗೊಮ್ಮೆ ಅದೇ ಗೋಡೆಗೆ ನಿಲ್ಲಿ.

ಕಮ್ಮಿಯಾಗಿದೆ ಅನ್ನಿಸಿದರೆ ಬೆನ್ನುಮೂಳೆಗೆ ಪಕ್ಕದಿಂದ ತೆಗೆಯುವ ಎಕ್ಸ್‌ರೇ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ. ಇದು ತಾಲ್ಲೂಕು ಮಟ್ಟದಲ್ಲೇ ಆಗುತ್ತದೆ, ಖರ್ಚು ಸ್ಕ್ಯಾನಿಗಿಂತ ಎಷ್ಟೋ ಕಮ್ಮಿ. ಡೆಕ್ಸಾ ಮಾಡಿಸಬೇಡಿ ಅಂತ ಹೇಳುತ್ತಿಲ್ಲ. ಸಾಧ್ಯವಾದರೆ ಮಾಡಿಸಿ, ಸೊಂಟ ಮತ್ತು ಬೆನ್ನು ಎರಡನ್ನೂ ನೋಡಲಿ. ಆದರೆ ಊರಲ್ಲಿ ಕ್ಯಾಂಪ್ ಹಾಕಿ ಹಿಮ್ಮಡಿಯನ್ನು ಮೆಷಿನ್ನಿನೊಳಗೆ ಇಡಿಸಿ ಚೀಟಿ ಕೊಡುತ್ತಾರಲ್ಲ, ಅದರ ಮೇಲೆ ಕಾಯಿಲೆ ಇದೆ ಅಂತಲೂ ಇಲ್ಲ ಅಂತಲೂ ತೀರ್ಮಾನ ಮಾಡಬೇಡಿ. ಅಲ್ಲೇ ಮಾರುವ ಪುಡಿ ಡಬ್ಬಿಗೆ ದುಡ್ಡು ಹಾಕಲೇಬೇಡಿ.

ಡಾಕ್ಟರ ಹತ್ತಿರ ಹೋಗುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಮುಟ್ಟು ಯಾವ ವಯಸ್ಸಿಗೆ ನಿಂತಿತು. ಗರ್ಭಕೋಶ ತೆಗೆಸಿದ್ದರೆ ಯಾವಾಗ, ಅಂಡಾಶಯವನ್ನೂ ತೆಗೆದರಾ. ಶುಗರ್ ಬಂದು ಎಷ್ಟು ವರ್ಷ. ನಿಂತ ಎತ್ತರದಿಂದ ಬಿದ್ದು ಯಾವುದಾದರೂ ಮೂಳೆ ಮುರಿದಿದೆಯಾ. ಅಮ್ಮನಿಗೋ ಅಪ್ಪನಿಗೋ ಸೊಂಟ ಮುರಿದಿತ್ತಾ. ಹೋದ ವರ್ಷ ಎಷ್ಟು ಸಲ ಬಿದ್ದಿರಿ. ನಮ್ಮ ಕಡೆ ಮೂವತ್ತೈದು ನಲವತ್ತಕ್ಕೇ ಗರ್ಭಕೋಶ ತೆಗೆಸಿಕೊಂಡವರು ಬಹಳ ಜನ ಇದ್ದಾರೆ. ಅಂಡಾಶಯವೂ ಹೋಗಿದ್ದರೆ ಅವರ ಮೂಳೆ ಸವೆತ ಅವತ್ತಿನಿಂದಲೇ ಶುರು. ಅವರು ಅರವತ್ತರ ತನಕ ಕಾಯುವ ಹಾಗಿಲ್ಲ.

ಮುಂದಿನ ಹತ್ತು ವರ್ಷದಲ್ಲಿ ಮೂಳೆ ಮುರಿಯುವ ಸಾಧ್ಯತೆ ಲೆಕ್ಕ ಹಾಕಲು ಫ್ರಾಕ್ಸ್ ಅಂತ ಒಂದು ಪದ್ಧತಿ ಇದೆ. ಅದರ ಮಾಮೂಲಿ ಲೆಕ್ಕದಲ್ಲಿ ಟೈಪ್ 2 ಶುಗರ್‌ಗೆ ಜಾಗವಿಲ್ಲ, ಹಾಗಾಗಿ ನಮ್ಮಂಥವರಿಗೆ ಅದು ಕಮ್ಮಿ ತೋರಿಸುತ್ತದೆ. ಎಷ್ಟೋ ತಜ್ಞರು ಶುಗರ್ ಇರುವವರಿಗೆ ಟಿ-ಸ್ಕೋರ್ ಮೈನಸ್ 2 ಬಂದಾಗಲೇ ಔಷಧಿ ಯೋಚಿಸುತ್ತಾರೆ. "ನನಗೆ ಶುಗರ್ ಇದೆ, ಅದನ್ನೂ ಸೇರಿಸಿ ನೋಡಿದ್ದೀರಾ ಸಾರ್?" ಅಂತ ಕೇಳುವುದರಲ್ಲಿ ತಪ್ಪಿಲ್ಲ. ರಕ್ತದಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಯಲು), ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ12, ಥೈರಾಯ್ಡ್ ಇಷ್ಟು ನೋಡಿಸಿದರೆ ಒಳ್ಳೆಯದು.

ಮಾತ್ರೆ ಡಬ್ಬಿ ಸುರಿದು ನೋಡಿ

ಕ್ಲಿನಿಕ್ಕಿನಲ್ಲಿದ್ದಾಗ ನಾನು ಎಲ್ಲರಿಗೂ ಮಾತ್ರೆ ಕವರನ್ನು ಹಾಗೇ ತನ್ನಿ ಅನ್ನುತ್ತಿದ್ದೆ. ಮೇಜಿನ ಮೇಲೆ ಸುರಿದರೆ ಅರ್ಧ ಕಥೆ ಅಲ್ಲೇ ಗೊತ್ತಾಗುತ್ತಿತ್ತು.

ಶುಗರ್ ಮಾತ್ರೆಗಳಲ್ಲಿ ಪಯೋಗ್ಲಿಟಜೋನ್ ಅಂತ ಒಂದಿದೆ. ಬಿಡಿಯಾಗಿಯೂ ಬರುತ್ತದೆ, ಮೂರು ಔಷಧಿ ಸೇರಿಸಿದ ಒಂದೇ ಮಾತ್ರೆಯಲ್ಲೂ ಇರುತ್ತದೆ. ಇದು ಹೆಂಗಸರಲ್ಲಿ ಮೂಳೆ ಮುರಿತ ಜಾಸ್ತಿ ಮಾಡುತ್ತದೆ ಅನ್ನುವುದು ಸಾಬೀತಾದ ವಿಷಯ. ಸ್ಟ್ರಿಪ್ಪಿನ ಹಿಂದೆ ಮಕ್ಕಳ ಕೈಲಿ ಓದಿಸಿ. ಆ ಹೆಸರು ಇದ್ದರೆ ನೀವಾಗೇ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ ಬೇರೆ ಮಾತ್ರೆ ಆಗುತ್ತದಾ ಅಂತ ಕೇಳಿ. ಕ್ಯಾನಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರೂ ಇದನ್ನೇ ಕೇಳಬೇಕು.

ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್, ಇನ್ಸುಲಿನ್ ಇವು ಮೂಳೆಗೆ ನೇರವಾಗಿ ತೊಂದರೆ ಕೊಡುವುದಿಲ್ಲ. ಆದರೆ ಊಟ ತಡವಾದರೆ ಶುಗರ್ ಇಳಿದು ತಲೆ ತಿರುಗುತ್ತದೆ, ಬೀಳುತ್ತೀರಿ. ಶನಿವಾರ ಉಪವಾಸ, ಸೋಮವಾರ ಒಪ್ಪೊತ್ತು ಮಾಡುವವರು ಮಾತ್ರೆ ಹೇಗೆ ಬದಲಿಸಬೇಕು ಅಂತ ಮೊದಲೇ ಕೇಳಿಕೊಳ್ಳಿ. ಎಚ್‌ಬಿಎ1ಸಿ ಎಂಟು ಒಂಬತ್ತು ದಾಟಿದರೂ ಮೂಳೆಗೆ ಕೆಟ್ಟದ್ದು. ಹಾಗಂತ ಎಪ್ಪತ್ತು ದಾಟಿದ ಅಮ್ಮನಿಗೆ ಆರಕ್ಕೆ ಇಳಿಸುತ್ತೇನೆ ಅಂತ ಹೋಗುವುದೂ ಅಪಾಯ. ಬಹಳ ಜನಕ್ಕೆ ಏಳರ ಹತ್ತಿರ, ವಯಸ್ಸಾಗಿ ಸೋತವರಿಗೆ ಏಳೂವರೆಯಿಂದ ಎಂಟು ಸಾಕು ಅನ್ನುತ್ತಾರೆ.

ಮೆಟ್‌ಫಾರ್ಮಿನ್ ಒಳ್ಳೆಯ ಮಾತ್ರೆ. ಬಹಳ ವರ್ಷ ತೆಗೆದುಕೊಂಡರೆ ಬಿ12 ಕಮ್ಮಿಯಾಗಬಹುದು, ಆಗ ಪಾದ ಇನ್ನಷ್ಟು ಜೋಮು ಹಿಡಿಯುತ್ತದೆ. ಪರೀಕ್ಷೆ ಮಾಡಿಸಿ ಬಿ12 ತೆಗೆದುಕೊಂಡರೆ ಆಯಿತು.

ಇನ್ನು ಗ್ಯಾಸ್ ಮಾತ್ರೆ. ಯಾವತ್ತೋ ಒಂದು ದಿನ ಎದೆ ಉರಿ ಅಂತ ಬರೆದುಕೊಟ್ಟದ್ದನ್ನು ದಿನಾ ಬೆಳಿಗ್ಗೆ ನುಂಗುತ್ತಾ ಹೋಗುವವರು ಎಷ್ಟು ಜನ! ಪ್ಯಾಂಟೊಪ್ರಜೋಲ್, ಒಮಿಪ್ರಜೋಲ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಮೂಳೆ ಮುರಿತ ಜಾಸ್ತಿ ಕಂಡುಬಂದಿದೆ. ಸಾಮಾನ್ಯ ಕ್ಯಾಲ್ಸಿಯಂ ಮಾತ್ರೆಯೂ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಜವಾಗಿ ಬೇಕಾ ಅಂತ ಕೇಳಿ.

ಎಲ್ಲಕ್ಕಿಂತ ನನಗೆ ಸಂಕಟ ಆಗುವುದು ಮಂಡಿ ನೋವಿನ ಇಂಜೆಕ್ಷನ್ನು ನೋಡಿದಾಗ. ಸಂತೆಗೆ ಹೋದಾಗ ಒಂದು ಇಂಜೆಕ್ಷನ್, ಜೊತೆಗೆ ಹೆಸರಿಲ್ಲದ ಪೊಟ್ಟಣದಲ್ಲಿ ಮಾತ್ರೆ. ಎರಡೇ ದಿನಕ್ಕೆ ನೋವು ಮಾಯ. ಹಾಗೆ ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ಬಹಳ. ಸ್ಟೀರಾಯ್ಡ್ ಶುಗರ್ ಏರಿಸುತ್ತದೆ, ಮೂಳೆಯನ್ನು ಬೇಗ ಬೇಗ ತಿನ್ನುತ್ತದೆ. ಹೆಸರು ಬರೆಯದ ಮಾತ್ರೆ ಯಾರೇ ಕೊಡಲಿ, ಬಾಯಿಗೆ ಹಾಕಬೇಡಿ. ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಒಂದೇ ಸಲ ನಿಲ್ಲಿಸಿದರೂ ಅಪಾಯ, ಉಳಿದ ಪೊಟ್ಟಣ ತೆಗೆದುಕೊಂಡು ದೊಡ್ಡಾಸ್ಪತ್ರೆಗೆ ಹೋಗಿ.

ಮುದ್ದೆ, ಸೊಪ್ಪು, ಹಾಲು, ನೀರು

ಮುಟ್ಟು ನಿಂತವರಿಗೆ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಅಕ್ಕಿ ತಿನ್ನುವ ಊರಿನವರಿಗಿಂತ ನಾವು ಪುಣ್ಯವಂತರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಆದರೆ ರಾಗಿ ತಿಂದರೆ ಶುಗರ್ ಏರುವುದಿಲ್ಲ ಅನ್ನುವುದು ಸುಳ್ಳು. 100 ಗ್ರಾಂ ಹಿಟ್ಟಿನಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಒಂದು ದಿನ ಮುದ್ದೆಗೆ ಹಾಕುವ ಹಿಟ್ಟನ್ನು ಅಂಗಡಿ ತಕ್ಕಡಿಯಲ್ಲಿ ತೂಕ ಮಾಡಿ ನೋಡಿ. ಹೊಲದಲ್ಲಿ ಗುದ್ದಲಿ ಹಿಡಿಯುತ್ತಿದ್ದ ಕಾಲದ ಮುದ್ದೆ ಗಾತ್ರವೇ ಇನ್ನೂ ನಡೆಯುತ್ತಿರುತ್ತದೆ. 60 ಗ್ರಾಂ ಹಿಟ್ಟಿನ ಒಂದು ಮುದ್ದೆ, ತಟ್ಟೆ ತುಂಬ ಸೊಪ್ಪಿನ ಸಾರು ಅಥವಾ ಕಾಳು ಸಾರು. ರಾತ್ರಿಗೆ ರಾಗಿ ರೊಟ್ಟಿ. ಇದು ಸರಿಯಾದ ಲೆಕ್ಕ. ಗಂಜಿ, ಅಂಬಲಿ ಬೇಗ ಶುಗರ್ ಏರಿಸುತ್ತವೆ. ಮೊಳಕೆ ಕಟ್ಟಿದ ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿ ಹತ್ತುತ್ತದೆ. ಅದನ್ನು ಮಾಲ್ಟ್ ಮಾಡಿ ಬೆಲ್ಲ ಹಾಕಿ ಕುಡಿಯುವ ಬದಲು ಹಿಟ್ಟಿಗೆ ಬೆರೆಸಿ ರೊಟ್ಟಿ ತಟ್ಟಿ.

ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಬರುವ ಬೆರಕೆ ಸೊಪ್ಪನ್ನು ಬಿಡಬೇಡಿ. ಹೊನಗೊನ್ನೆ, ದಂಟು, ಅಣ್ಣೆ ಸೊಪ್ಪು ಎಲ್ಲಾ ಕಲೆಸಿ ಮಸೊಪ್ಪು ಮಾಡುತ್ತೀವಲ್ಲ, ಅದು ಮೂಳೆಗೆ ಒಳ್ಳೆಯ ಊಟ. ನುಗ್ಗೆ ಸೊಪ್ಪು ಇನ್ನೂ ಒಳ್ಳೆಯದು. ಪಾಲಕ್ಕಿನಲ್ಲಿ ಕ್ಯಾಲ್ಸಿಯಂ ಇದ್ದರೂ ಮೈಗೆ ಹತ್ತುವುದು ಬಹಳ ಕಮ್ಮಿ. ಹುರುಳಿಕಾಳಿನಲ್ಲಿ ಕ್ಯಾಲ್ಸಿಯಂ, ಪ್ರೋಟೀನ್ ಎರಡೂ ಇವೆ. ಎಳ್ಳಿನಲ್ಲಿ ನೂರು ಗ್ರಾಮಿಗೆ ಸಾವಿರ ಮಿಲಿಗ್ರಾಂ ದಾಟುತ್ತದೆ. ದಿನಕ್ಕೆ ಒಂದು ಚಮಚ ಹುರಿದ ಎಳ್ಳಿನ ಪುಡಿ ಸಾರಿಗೋ ಪಲ್ಯಕ್ಕೋ ಉದುರಿಸಿಕೊಳ್ಳಿ.

ಹಾಲಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಹಸು ಕಟ್ಟದ ಮನೆ ಕಮ್ಮಿ. ಬೆಳಗಿನ ಜಾವ ಎದ್ದು ಹಾಲು ಕರೆಯುವವಳು ಹೆಂಗಸು. ಕ್ಯಾನು ಡೇರಿಗೆ ಹೋಗುತ್ತದೆ, ಉಳಿದದ್ದು ಮೊಮ್ಮಕ್ಕಳಿಗೆ, ಗಂಡನಿಗೆ ಕಾಫಿ. ಅವಳ ಪಾಲಿಗೆ ಕಾಫಿ ಬಣ್ಣಕ್ಕಾಗುವಷ್ಟು ಹಾಲು. ಕ್ಯಾನು ಕಳಿಸುವ ಮುಂಚೆ ಕಾಲು ಲೀಟರು ನಿಮ್ಮ ಹೆಸರಲ್ಲಿ ತೆಗೆದಿಡಿ. ಅದರಲ್ಲಿ 300 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಸಕ್ಕರೆ ಹಾಕದೆ ಕುಡಿಯಿರಿ, ಇಲ್ಲ ಮೊಸರು ಮಾಡಿ. ಮನೆಯ ಗಂಡಸರು ಇದನ್ನು ಓದುತ್ತಿದ್ದರೆ ಆ ಲೋಟ ನೀವೇ ತೆಗೆದಿಡಿ.

ಇಷ್ಟು ತಿಂದರೆ ಬಹಳ ಜನಕ್ಕೆ ಕ್ಯಾಲ್ಸಿಯಂ ಮಾತ್ರೆ ಅರ್ಧ ಸಾಕು, ಕೆಲವರಿಗೆ ಬೇಡವೇ ಬೇಡ. ಕ್ಯಾಲ್ಸಿಯಂ ಮಾತ್ರೆ ಬರೆದಿದ್ದರೆ ಊಟದ ಜೊತೆ ತೆಗೆದುಕೊಳ್ಳಿ, ಒಂದು ಸಲಕ್ಕೆ 500 ಮಿಲಿಗ್ರಾಮಿಗಿಂತ ಜಾಸ್ತಿ ಬೇಡ. ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆ ಜೊತೆ ಬೇಡ. ಕಿಡ್ನಿ ತೊಂದರೆ ಇರುವವರು, ಕಲ್ಲಾಗಿದ್ದವರು ಡಾಕ್ಟರ್ ಹೇಳದೆ ಕ್ಯಾಲ್ಸಿಯಂ ನುಂಗಬೇಡಿ. ಬೇಳೆ, ಮೊಟ್ಟೆ, ಮಾಂಸದ ಲೆಕ್ಕವೂ ಕಿಡ್ನಿ ಸರಿಯಿಲ್ಲದವರಿಗೆ ಬೇರೆ.

ವಿಟಮಿನ್ ಡಿ ಬಿಸಿಲಿನಿಂದ ಸಿಗುತ್ತದೆ. ಹೊಲಕ್ಕೆ ಹೋಗುವವರಿಗೆ ಸ್ವಲ್ಪ ಸಿಕ್ಕೀತು. ಶಿಡ್ಲಘಟ್ಟದ ಕಡೆ ದಿನವಿಡೀ ರೇಷ್ಮೆ ಹುಳು ಮನೆಯಲ್ಲಿ, ನೂಲು ತೆಗೆಯುವ ಕಡೆ ಕೆಲಸ ಮಾಡುವವರಿಗೆ, ಮನೆಯಿಂದ ಹೊರಗೆ ಬಾರದವರಿಗೆ ಸಾಲುವುದಿಲ್ಲ. ರಕ್ತದಲ್ಲಿ 20 ನ್ಯಾನೊಗ್ರಾಮಿಗಿಂತ ಕೆಳಗಿದ್ದರೆ ಕೊರತೆ. ಆಗ 60,000 ಯೂನಿಟ್ಟಿನ ಪುಡಿ ಅಥವಾ ಕ್ಯಾಪ್ಸೂಲ್ ಕೊಡುತ್ತಾರೆ. ಅದು ಸಾಮಾನ್ಯವಾಗಿ ವಾರಕ್ಕೆ ಒಂದು, ಎಂಟು ವಾರ. ದಿನಕ್ಕೆ ಒಂದಲ್ಲ. ದಿನಾ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಸುಸ್ತು, ಕಿಡ್ನಿ ತೊಂದರೆ ಎಲ್ಲಾ ಬರುತ್ತದೆ. ಕ್ಯಾಲೆಂಡರಿನಲ್ಲಿ ವಾರ ಗುರುತು ಹಾಕಿ, ಹಾಲಿನ ಜೊತೆ ಅಥವಾ ಊಟದ ಮೇಲೆ ತೆಗೆದುಕೊಳ್ಳಿ.

ನೀರು: ಕುಡಿಯಲು ಊರಿನ ಶುದ್ಧ ನೀರಿನ ಘಟಕದ ಕ್ಯಾನು ತರುತ್ತೀರಿ, ಅಡುಗೆಗೆ ಮಾತ್ರ ಬೋರ್‌ವೆಲ್ ನೀರೇ. ಮುದ್ದೆ, ಸಾರು, ಅನ್ನ ಎಲ್ಲದರಲ್ಲೂ ಆ ನೀರೇ ಹೊಟ್ಟೆಗೆ ಹೋಗುತ್ತದೆ ಅಲ್ವಾ? ಫ್ಲೋರೈಡು ಕುದಿಸಿದರೆ ಹೋಗುವುದಿಲ್ಲ, ಕುದ್ದು ನೀರು ಬತ್ತಿದಷ್ಟೂ ಉಳಿದ ನೀರಿನಲ್ಲಿ ಅದರ ಅಂಶ ಜಾಸ್ತಿಯಾಗುತ್ತದೆ. ಅಡುಗೆಗೂ ಘಟಕದ ನೀರೇ ಇರಲಿ. ನಿಮ್ಮ ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಲು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಊಟದಲ್ಲಿ ಕ್ಯಾಲ್ಸಿಯಂ ಚೆನ್ನಾಗಿದ್ದರೆ ಫ್ಲೋರೈಡು ಮೈಗೆ ಹತ್ತುವುದೂ ಸ್ವಲ್ಪ ಕಮ್ಮಿಯಾಗುತ್ತದೆ.

ಕುರ್ಚಿಯಿಂದ ಏಳುವುದು

"ದಿನವಿಡೀ ಮನೆಗೆಲಸ ಮಾಡ್ತೀನಿ, ವಾಕಿಂಗ್ ಹೋಗ್ತೀನಿ, ಇನ್ನೇನು ವ್ಯಾಯಾಮ?" ಅನ್ನುತ್ತಾರೆ. ವಾಕಿಂಗ್ ಶುಗರ್‌ಗೆ ಒಳ್ಳೆಯದು, ದಿನಾ ಅರ್ಧ ಗಂಟೆ ನಡೆಯಿರಿ. ಆದರೆ ಬೀಳದೆ ಇರಬೇಕಾದರೆ ತೊಡೆಯಲ್ಲಿ ಬಲ ಬೇಕು, ಮೈ ವಾಲದ ಹಾಗೆ ಸಮತೋಲ ಹಿಡಿಯುವ ಅಭ್ಯಾಸ ಬೇಕು. ಅದು ವಾಕಿಂಗಿನಿಂದ ಮಾತ್ರ ಬರುವುದಿಲ್ಲ.

ಒಂದು ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಟೈಲ್ಸ್ ಮೇಲೆ ಜಾರುತ್ತದೆ. ಮುಂದಕ್ಕೆ ಸರಿದು ಅಂಚಿನಲ್ಲಿ ಕೂರಿ. ಪಾದ ಮಂಡಿಗಿಂತ ಸ್ವಲ್ಪ ಹಿಂದಕ್ಕೆ, ಎರಡರ ಮಧ್ಯೆ ಒಂದು ಗೇಣು ಅಂತರ. ಎರಡೂ ಕೈ ಎದೆ ಮೇಲೆ ಕಟ್ಟಿ. ಬೆನ್ನು ನೆಟ್ಟಗೆ ಇಟ್ಟುಕೊಂಡೇ ಮುಂದೆ ವಾಲಿ, ಮೂಗು ಕಾಲ್ಬೆರಳಿನ ನೇರಕ್ಕೆ ಬಂದಾಗ ಎದ್ದು ನಿಲ್ಲಿ. ಕೂರುವುದೇ ಇದರಲ್ಲಿ ಮುಖ್ಯ: ದೊಪ್ಪನೆ ಬೀಳಬೇಡಿ, ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸುತ್ತಾ ಇಳಿಯಿರಿ. ತೊಡೆ ಬಿಸಿಯಾದ ಹಾಗೆ ಅನ್ನಿಸಿದರೆ ಸರಿಯಾಗಿ ಮಾಡುತ್ತಿದ್ದೀರಿ. ಎಂಟು ಹತ್ತು ಸಲ, ಸ್ವಲ್ಪ ಕೂತು ಮತ್ತೆ ಅಷ್ಟೇ. ದಿನ ಬಿಟ್ಟು ದಿನ. ಮೊದಲ ವಾರ ಕೈ ಊರಿ ಎದ್ದರೂ ಪರವಾಗಿಲ್ಲ. ಮೊಬೈಲಿನಲ್ಲಿ ಸಮಯ ಇಟ್ಟು ನೋಡಿ, ಕೈ ಊರದೆ ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಕುಂದಿದೆ.

ಆಮೇಲೆ ಅಡುಗೆ ಕಟ್ಟೆ ಹಿಡಿದುಕೊಂಡು ಹಿಮ್ಮಡಿ ಎತ್ತಿ ಇಳಿಸಿ. ಅದೇ ಕಟ್ಟೆ ಹತ್ತಿರ ಒಂದು ಕಾಲಲ್ಲಿ ಹತ್ತು ಸೆಕೆಂಡು ನಿಲ್ಲಿ, ಕೈ ಕಟ್ಟೆಯಿಂದ ಒಂದು ಇಂಚು ಮೇಲೆ, ವಾಲಿದರೆ ಹಿಡಿದುಕೊಳ್ಳುವ ಹಾಗೆ. ಸಾರು ಕುದಿಯುವಷ್ಟರಲ್ಲಿ ಆಗುತ್ತದೆ. ಖಾಲಿ ಹೊಟ್ಟೆಯಲ್ಲಿ ಮಾತ್ರ ಬೇಡ.

ಬೆನ್ನಿನ ಮಣಿ ಕುಸಿದವರು ಮುಂದೆ ಬಾಗಿ ಭಾರ ಎತ್ತುವುದನ್ನು ಬಿಡಲೇಬೇಕು. ಹುಲ್ಲಿನ ಹೊರೆ, ತುಂಬಿದ ಬಿಂದಿಗೆ, ಟೊಮೆಟೊ ಕ್ರೇಟು ಯಾವುದೂ ಬೇಡ. ಮೋಟು ಪೊರಕೆಗೆ ಉದ್ದ ಕೋಲು ಕಟ್ಟಿಸಿ. ಯೋಗ ಮಾಡುವವರು ಕಾಲ್ಬೆರಳು ಮುಟ್ಟುವ ಆಸನ, ಸೂರ್ಯ ನಮಸ್ಕಾರ ನಿಲ್ಲಿಸಿ, ಹೇಳಿಕೊಡುವವರಿಗೆ ಕಾರಣ ತಿಳಿಸಿ.

ಮನೆಯಲ್ಲಿ ಬೀಳುವ ಜಾಗಗಳು

ಮೊದಲು ಪಾದ ನೋಡಿ. ಕಣ್ಣು ಮುಚ್ಚಿಕೊಂಡು ಮಲಗಿ. ಮಗಳೋ ಸೊಸೆಯೋ ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ತೋರುಬೆರಳಿನಿಂದ ಹಗುರವಾಗಿ ಒಂದೆರಡು ಸೆಕೆಂಡು ಮುಟ್ಟಲಿ, ಒತ್ತಬಾರದು. ಗೊತ್ತಾದಾಗೆಲ್ಲ ಬಲ, ಎಡ ಅಂತ ಹೇಳಿ. ಆರರಲ್ಲಿ ಎರಡು ಅಥವಾ ಜಾಸ್ತಿ ಗೊತ್ತಾಗದಿದ್ದರೆ ಪಾದದ ನರ ಸೋತಿದೆ, ಬೀಳುವ ಸಾಧ್ಯತೆ ಜಾಸ್ತಿ. ಅಂಥವರಿಗೆ ಹವಾಯಿ ಚಪ್ಪಲಿ ಆಗುವುದಿಲ್ಲ. ಹಿಮ್ಮಡಿಗೆ ಪಟ್ಟಿ ಇರುವ, ಅಡಿ ಜಾರದ ಚಪ್ಪಲಿ ಮನೆಯೊಳಗೂ ಹಾಕಿ.

ರಾತ್ರಿ ಉಚ್ಚೆಗೆ ಏಳುವಾಗ ಬೀಳುವವರೇ ಜಾಸ್ತಿ. ಶುಗರ್ ಜಾಸ್ತಿಯಾದರೆ ಮತ್ತೆ ಮತ್ತೆ ಏಳಬೇಕು, ಹಾಸಿಗೆಯಿಂದ ದಡಕ್ಕನೆ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಕಾಲು ಇಳಿಬಿಟ್ಟು ಒಂದು ನಿಮಿಷ ಕೂತು ಆಮೇಲೆ ಏಳಿ. ದಿಂಬಿನ ಪಕ್ಕ ಟಾರ್ಚು ಇರಲಿ, ಕರೆಂಟು ನಂಬುವ ಹಾಗಿಲ್ಲ. ಬಚ್ಚಲಿಗೆ ಒಂದು ಕಬ್ಬಿಣದ ಹಿಡಿಕೆ ಹಾಕಿಸಿ, ಅದನ್ನು ಗೋಡೆಗೆ ಬೋಲ್ಟ್ ಮಾಡಿಸಬೇಕು. ಟವೆಲ್ ಹಾಕುವ ರಾಡು ಹಿಡಿದು ಎದ್ದರೆ ಕಿತ್ತುಬರುತ್ತದೆ. ಹೊಸ್ತಿಲಿಗೆ ಬಿಳಿ ಬಣ್ಣ ಬಳಿಯಿರಿ. ಕೊಟ್ಟಿಗೆಯಲ್ಲಿ ಗಂಜಲ ಹರಿದುಹೋಗುವ ಹಾಗೆ ಮಾಡಿ ನೆಲ ಒರಟು ಮಾಡಿಸಿ. ಕಣ್ಣಿನ ಪೊರೆ ಬಂದಿದ್ದರೆ ಆಪರೇಷನ್ ಮುಂದೂಡಬೇಡಿ.

ಮೂಳೆಗೆ ಔಷಧಿ ಬರೆದರೆ

ವಾರಕ್ಕೊಂದು ಅಲೆಂಡ್ರೊನೇಟ್ 70 ಮಿಲಿಗ್ರಾಂ ಮಾತ್ರೆ ಸಾಮಾನ್ಯ. ಅದನ್ನು ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ನೀರಿನಲ್ಲಿ ನುಂಗಬೇಕು. ಗಡಸು ಬೋರ್‌ವೆಲ್ ನೀರು, ಕಾಫಿ, ಹಾಲು ಯಾವುದರಲ್ಲೂ ಬೇಡ. ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು, ಬಾಗಬಾರದು, ಏನೂ ತಿನ್ನಬಾರದು. ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಊಟಕ್ಕೆ ಮುಂಚಿನ ಶುಗರ್ ಮಾತ್ರೆ, ಇನ್ಸುಲಿನ್ನು ಆ ಅರ್ಧ ಗಂಟೆ ಮುಗಿದು ತಿಂಡಿ ಮುಂದೆ ಬಂದಾಗ ತೆಗೆದುಕೊಳ್ಳಿ. ಎರಡನ್ನೂ ಒಟ್ಟಿಗೆ ನುಂಗಿ ಕಾದರೆ ಶುಗರ್ ಇಳಿದುಬಿಡುತ್ತದೆ. ಕ್ಯಾಲ್ಸಿಯಂ ಮಾತ್ರೆ ಅವತ್ತು ಮಧ್ಯಾಹ್ನಕ್ಕೆ.

ಇದು ಆಗದವರಿಗೆ ವರ್ಷಕ್ಕೊಂದು ಡ್ರಿಪ್ ಇದೆ, ಜೊಲೆಡ್ರೊನಿಕ್ ಆಸಿಡ್. ಕೊಡುವ ಮುಂಚೆ ಕಿಡ್ನಿ, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಲೇಬೇಕು. ಹಾಕಿದ ಮೇಲೆ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು, ಹೆದರಬೇಡಿ. ಹುಳುಕು ಹಲ್ಲು ಕೀಳಿಸುವುದಿದ್ದರೆ ಔಷಧಿ ಶುರು ಮಾಡುವ ಮುಂಚೆಯೇ ಕೀಳಿಸಿ. ಆರು ತಿಂಗಳಿಗೊಂದು ಡೆನೊಸುಮ್ಯಾಬ್ ಇಂಜೆಕ್ಷನ್ ಹಾಕಿಸಿಕೊಳ್ಳುವವರು ತಾರೀಕು ತಪ್ಪಿಸಲೇಬಾರದು. ದುಡ್ಡಿಲ್ಲ ಅಂತ ನಡುವೆ ಬಿಟ್ಟರೆ ಬೆನ್ನಿನ ಮಣಿಗಳು ಒಂದರ ಮೇಲೊಂದು ಕುಸಿಯಬಹುದು. ಮುಂದುವರಿಸಲು ಆಗುತ್ತದಾ ಅಂತ ಶುರು ಮಾಡುವ ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.

ಬಿದ್ದರೆ

ಬಿದ್ದ ಮೇಲೆ ತೊಡೆಸಂದಿಯಲ್ಲಿ ನೋವು, ಏಳಲು ಆಗುತ್ತಿಲ್ಲ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ ಹಾಗೆ ಕಂಡರೆ ಸೊಂಟದ ಹತ್ತಿರ ಮುರಿದಿದೆ. ಎಣ್ಣೆ ಹಚ್ಚಿ ನೀವಬೇಡಿ, ಎತ್ತಿ ನಿಲ್ಲಿಸಬೇಡಿ. 108ಕ್ಕೆ ಫೋನ್ ಮಾಡಿ. ಶುಗರ್ ಇಳಿದು ಬಿದ್ದಿರಬಹುದು, ಮನೆಯಲ್ಲಿ ಮೀಟರ್ ಇದ್ದರೆ ಕೂಡಲೆ ನೋಡಿ. ನಮ್ಮ ಕಡೆ ಮೂಳೆ ಮುರಿದರೆ ಪುತ್ತೂರು ಕಟ್ಟಿಗೆ, ಅಂದರೆ ಆಂಧ್ರದ ಪುತ್ತೂರಿನ ನಾಟಿ ವೈದ್ಯರು ಕಟ್ಟುವ ಕಟ್ಟಿಗೆ, ಹೋಗುವುದು ಹಿಂದಿನಿಂದ ಬಂದ ರೂಢಿ. ಸೊಂಟದ ಮುರಿತ ಕಟ್ಟಿನಿಂದ ಸರಿಯಾಗುವುದಿಲ್ಲ. ತಿಂಗಳುಗಟ್ಟಲೆ ಮಲಗಿದರೆ ಬೆನ್ನು ಹುಣ್ಣು, ನ್ಯುಮೋನಿಯಾ ಬರುತ್ತದೆ, ಶುಗರ್ ಇರುವವರಿಗೆ ಇನ್ನೂ ಬೇಗ. ಕೈ ಮುರಿದಾಗಲೂ ಜೋಮು ಹಿಡಿದ ಕೈಗೆ ಬಿಗಿಯಾಗಿ ಕಟ್ಟಿದರೆ ರಕ್ತ ಓಡದಿರುವುದು ಗೊತ್ತೇ ಆಗುವುದಿಲ್ಲ. ಸೊಂಟದ ಆಪರೇಷನ್ ಒಂದೆರಡು ದಿನದೊಳಗೆ ಆದರೆ ಒಳ್ಳೆಯದು. ಆಯುಷ್ಮಾನ್ ಕಾರ್ಡು, ರೇಷನ್ ಕಾರ್ಡು, ಆಧಾರ್, ಮಾತ್ರೆ ಕವರು ಒಂದೇ ಚೀಲದಲ್ಲಿ ಮೊದಲೇ ಇಟ್ಟಿರಿ.

ಆಪರೇಷನ್ ಆದ ಮರುದಿನ ಫಿಸಿಯೊಥೆರಪಿಯವರು ಎಬ್ಬಿಸಿ ನಿಲ್ಲಿಸಲು ಬಂದರೆ "ಪಾಪ, ನೋವು, ನಾಳೆ ಮಾಡಿಸಿ" ಅಂತ ತಡೆಯಬೇಡಿ. ಡಿಸ್ಚಾರ್ಜ್ ದಿನ ಬಿಲ್ಲು ಕಟ್ಟುವ ಗಡಿಬಿಡಿಯಲ್ಲಿ ಒಂದು ಮಾತು ಕೇಳುವುದನ್ನು ಮರೆಯಬೇಡಿ: "ಮುರಿದ ಮೂಳೆಗೆ ರಾಡು ಹಾಕಿದ್ದೀರಿ ಸಾರ್, ಉಳಿದ ಮೂಳೆಗಳಿಗೆ ಏನು ಔಷಧಿ?" ಅದರ ಹೆಸರು, ಶುರು ಮಾಡುವ ತಾರೀಕು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಂಡು ಮನೆಗೆ ಹೊರಡಿ.